ಷಡ್ಡಕನ ತಾತನ ಪದಕಗಳು

ನಮ್ಮ ಮನೆಗೆ ಆ ಸ್ಕಾಲರ್‌ಶಿಪ್ ಬರುವುದು ಆಗದ ಮಾತು ಎಂದು ಹೇಳಿದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹೇಳಿದ್ದು ಮೆಲ್ಬರ್ನ್‌ನಲ್ಲಿ, ಬಾಕ್ಸ್ ಹಿಲ್‌ನ ತನ್ನ ಮನೆಯ ಊಟದ ಟೇಬಲ್ಲಿನಲ್ಲಿ, ನನ್ನ ತಟ್ಟೆಗೆ ಎರಡನೇ ಸಲ ಬಿಸಿಬೇಳೆಬಾತ್ ಬಡಿಸುತ್ತಾ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಯಾವತ್ತೂ ಏಕವಚನ. ಇಲ್ಲೂ ಹಾಗೇ ಬರೆಯುತ್ತೇನೆ.

ಅವತ್ತು ಮಧ್ಯಾಹ್ನ ಅವನ ಮಗ ಆ ಸ್ಕಾಲರ್‌ಶಿಪ್ ತೆಗೆದುಕೊಂಡಿದ್ದ. ಅದನ್ನು ಕೊಡುವುದು ಹಳೆಯ ಯುದ್ಧಗಳಲ್ಲಿ ಹೋರಾಡಿದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿಕೊಂಡ ಒಂದು ಸಂಘ. ದೇಶ, ಪರಂಪರೆ ಎಂದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುವ, ತಾತಂದಿರ ಪದಕಗಳನ್ನು ಕೋಟಿಗೆ ಚುಚ್ಚಿಕೊಂಡು ಬರುವ ಜನ. ಸ್ಕೌಟ್‌ನಲ್ಲಿ ಹದಿನೆಂಟು ತುಂಬುವುದರೊಳಗೆ ಎಲ್ಲಕ್ಕಿಂತ ದೊಡ್ಡ ಬ್ಯಾಜ್ ಗಳಿಸಿದ ಮಕ್ಕಳಲ್ಲಿ ವರ್ಷಕ್ಕೆ ಒಬ್ಬಿಬ್ಬರನ್ನು ಆರಿಸಿ ಯೂನಿವರ್ಸಿಟಿ ಓದಿಗೆ ನೆರವು ಕೊಡುತ್ತಾರೆ. ಅರ್ಜಿಯ ಜೊತೆ ಒಂದು ಪುಟ ಬರೆಯಬೇಕು: ಸೇವೆ ಅಂದರೇನು ಎಂಬುದನ್ನು ನಿನ್ನ ಕುಟುಂಬದಲ್ಲಿ ಯಾರಿಂದ ಕಲಿತೆ?

ಷಡ್ಡಕನ ತಾತ ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದ ಡಾಕ್ಟರಾಗಿ ಮೆಸಪೊಟೇಮಿಯಾಕ್ಕೆ ಹೋಗಿ ಬಂದವರು. ಎದೆಯ ಮೇಲೆ ಮೂರು ಪದಕ ತೊಟ್ಟು ನಿಂತ ಅವರ ಫೋಟೊ ಟೀವಿಯ ಮೇಲೇ ಇತ್ತು. ಹುಡುಗ ಅವರ ಬಗ್ಗೆ ಬರೆದಿದ್ದ.

"ಬರೋ ವರ್ಷ ನಮ್ ಹುಡುಗೀನೂ ಅಪ್ಲೈ ಮಾಡ್ತಾಳ್ರಿ" ಎಂದೆ.

"ಮಾಡ್ಲಿ, ಮಾಡ್ಲಿ. ಬೇಜಾರ್ ಮಾಡ್ಕೋಬೇಡಿ ಕಣ್ರೀ, ಈ ಜನ ಫ್ಯಾಮಿಲಿ ನೋಡ್ತಾರೆ. ಹಿಸ್ಟ್ರಿ ಬೇಕು. ನಿಮ್ಕಡೆ ಏನಂತ ಬರೀತೀರಾ? ಆಗೋ ಮಾತಲ್ಲ ಅದು. ಇನ್ನೊಂದ್ ಚೂರು ತುಪ್ಪ?"

ಹಾಕಿಸಿಕೊಂಡೆ. ತುಪ್ಪ ಘಮ ಘಮ ಎನ್ನುತ್ತಿತ್ತು. ಅದೂ ಹೊಟ್ಟೆ ಉರಿಸಿತು.

ನಾನು ದಾವಣಗೆರೆಯವನು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸ ಮಾಡುತ್ತಿದ್ದ. ಅಪ್ಪನ ಅಪ್ಪನ ಹೆಸರು ಗೊತ್ತು, ಮುಖ ಗೊತ್ತಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಎಂಜಿನಿಯರಿಂಗ್ ಓದುವಾಗ ಬೆಳಗಾಗೆದ್ದು ಭಟ್ಟಿಯಲ್ಲಿ ಮಂಡಕ್ಕಿ ಚೀಲ ಹೊಲಿದು, ತಲೆಯ ಬೂದಿ ಕೊಡವಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಷಡ್ಡಕನ ಮನೆಯಲ್ಲಿ ಮಕ್ಕಳಿಗೆ ಹಲ್ಲು ಬಂದ ಹಾಗೆ ಡಿಗ್ರಿ ಬರುತ್ತಿತ್ತು. ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದು ಈ ದೇಶಕ್ಕೆ ಬಂದವರು. ಅವನಿಗೆ ಬಂದ ತಿಂಗಳಲ್ಲೇ ಕೆಲಸ. ಅವನ ಮನೆ, ಅವನ ಕಾರು ಇವೆಲ್ಲವನ್ನೂ ನಾನು ಸಹಿಸಿಕೊಂಡಿದ್ದೆ. ಸತ್ತು ಎಷ್ಟೋ ವರ್ಷವಾದ ಒಬ್ಬ ತಾತನ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ನಾವಿರುವ ಸಿಡ್ನಿಗೆ ಕಾರಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ತಾತನ ಪದಕ ಎಣಿಸುತ್ತಿದ್ದೆ. ಆಲ್ಬರಿಯ ಹತ್ತಿರ ಹೆಂಡತಿ ಪುಳಿಯೋಗರೆ ಡಬ್ಬಿ ಬಿಚ್ಚಿ, "ಊಟಾನಾದ್ರೂ ಮಾಡಿ. ಭಾವನ ತಾತ ಬಂದು ಕಿತ್ಕೊಳಲ್ಲ" ಎಂದಳು.

ಮುಂದಿನ ವರ್ಷ ಮಗಳಿಗೆ ಬ್ಯಾಜ್ ಬಂತು. ಕ್ವೇಕರ್ಸ್ ಹಿಲ್‌ನ ಸ್ಕೌಟ್ ಹಾಲಿಗೆ ಎಂಟು ವರ್ಷದಿಂದ ಪ್ರತಿ ವಾರ ಅವಳನ್ನು ಬಿಟ್ಟು, ಕಾರಿನಲ್ಲೇ ಕಾಯುತ್ತಾ ಕೂತವನು ನಾನು. ಈಗ ಅರ್ಜಿಯ ಹೊತ್ತು. ಆ ಒಂದು ಪುಟದ ಚಿಂತೆ ನನಗೆ ಎಷ್ಟು ಹತ್ತಿತ್ತೆಂದರೆ, ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು, "ನಮ್ ಮುತ್ತಜ್ಜ ಒಬ್ಬ ಮೈಸೂರು ಮಹಾರಾಜರ ಕುದುರೆ ಪಡ್ಯಾಗ ಇದ್ನಂತ ಬರಿ" ಎಂದೆ.

"ಈಸ್ ಇಟ್ ಟ್ರೂ, ಡ್ಯಾಡ್?"

"ಇದ್ರೂ ಇರಬಹುದವ್ವ. ಇಲ್ಲ ಅಂತ ಯಾರ್ ಕಂಡಾರ?"

"ದೆನ್ ನೋ" ಎಂದು ಎದ್ದಳು. ಪುಟ ಅವಳೇ ಬರೆಯುತ್ತಾಳಂತೆ, ನಾನು ಓದಕೂಡದಂತೆ. ಅವಳ ಕನ್ನಡ ಕಿವಿಯ ತನಕ ಬಂದು ಅಲ್ಲೇ ನಿಂತುಬಿಡುತ್ತದೆ, ಬಾಯಿಗೆ ಬರುವುದಿಲ್ಲ. ಹಟ ಮಾತ್ರ ಅಪ್ಪಟ ದಾವಣಗೆರೆಯದು.

ಪುಟ ಕೈ ತಪ್ಪಿತು ಎಂದು ನಾನು ಅರ್ಜಿಯ ಉಳಿದ ಕಾಗದಗಳನ್ನು ಹಿಡಿದುಕೊಂಡೆ. ಷಡ್ಡಕನ ಮಗನ ಫೈಲು ನೋಡಿದ್ದೆ, ಅಚ್ಚುಕಟ್ಟಾಗಿತ್ತು. ನಮ್ಮದು ಅದಕ್ಕಿಂತ ಹೊಳೆಯಬೇಕು. ನಮ್ಮಂಥವರ ಮನೆಯಲ್ಲಿ ಮುದ್ರೆ, ಸಹಿ ಬಿದ್ದ ಕಾಗದ ಎಂದರೆ ಬೆವರಿಗೆ, ಹೊಗೆಗೆ, ಇಲಿಗೆ ಸಿಗಬಾರದ ವಸ್ತು. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನವೇ ನಾನು ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿ, ಬಿಸಿ ಆರುವ ಮೊದಲೇ ಅಪ್ಪನ ಕೈಗೆ ಕೊಟ್ಟಿದ್ದೆ. ಹಾಗೆಯೇ ಮಗಳ ಸ್ಕೌಟ್ ದಾಖಲೆಯ ಹಾಳೆಯನ್ನೂ ಆಫೀಸಿಗೆ ಒಯ್ದು, ಊಟದ ಬಿಡುವಿನಲ್ಲಿ ಲ್ಯಾಮಿನೇಟ್ ಮಾಡಿದೆ. ಅದರಲ್ಲಿ ಐದು ಜನ ಲೀಡರ್‌ಗಳ ಸಹಿ ಇತ್ತು. ಕೆಳಗೊಂದು ಚೌಕ ಖಾಲಿ ಇತ್ತು. ನನಗೆ ಕಾಣಲಿಲ್ಲ ಎಂದಲ್ಲ. ಆಫೀಸಿನವರು ತುಂಬಿಕೊಳ್ಳುವ ಜಾಗ ಎಂದುಕೊಂಡೆ.

ಅದು ಸ್ಕೌಟ್ ಕಮಿಷನರ್ ಕೊನೆಯ ಸಹಿ ಹಾಕಬೇಕಾದ ಜಾಗ. ಮಗಳ ಜೊತೆ ಹೋಗಿ ಹಾಳೆಯನ್ನು ಮುಂದಿಟ್ಟಾಗ ಬಿಳಿ ಹುಬ್ಬಿನ ಆ ಮುದುಕ ಪೆನ್ನು ಇಟ್ಟ, ಜಾರಿತು. ಬೇರೆ ಪೆನ್ನು ತೆಗೆದ, ಅದೂ ಜಾರಿತು. ಮಾರ್ಕರ್‌ನಲ್ಲಿ ಹಾಕಿ ಎಂದು ನಾನು ಸೂಚಿಸಿದೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ವರ್ಷದಲ್ಲಿ ಇಂಥದನ್ನು ನೋಡಿಲ್ಲ ಎಂದು ನಯವಾಗಿಯೇ ಹೇಳಿದ. ಹೊಸ ಹಾಳೆ ತರಬೇಕು, ಐದೂ ಸಹಿ ಮತ್ತೆ ಹಾಕಿಸಬೇಕು. ಅರ್ಜಿಗೆ ಉಳಿದಿದ್ದು ಎರಡು ವಾರ.

"ಡ್ಯಾಡ್, ಯೂ ಲ್ಯಾಮಿನೇಟೆಡ್ ಇಟ್?" ಎಂದಷ್ಟೇ ಕೇಳಿ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಯಾವಾಗಲೂ ಮುಂದೆ ಕೂರುವವಳು.

ನಾಲ್ಕು ಸಹಿ ಸಿಡ್ನಿಯಲ್ಲೇ ಸಿಕ್ಕವು. ಐದನೆಯದು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿತ್ತು. ಒಂದು ರಜೆಯಲ್ಲಿ ಅವಳು ದೊಡ್ಡಮ್ಮನ ಮನೆಗೆ ಹೋಗಿ, ಅಲ್ಲಿನ ಸ್ಕೌಟ್‌ಗಳ ಜೊತೆ ನಾಲ್ಕು ದಿನ ಕಾಡಿನಲ್ಲಿ ನಡೆದಿದ್ದಳು. ಅದನ್ನು ನಡೆಸಿದ ಲೀಡರ್ ಈಗ ಕೆಲಸ ಬಿಟ್ಟು ಮೆಲ್ಬರ್ನ್‌ನಿಂದ ಎರಡು ಗಂಟೆ ದೂರದ ಹಳ್ಳಿಯೊಂದರಲ್ಲಿ ಹಸು ಸಾಕಿಕೊಂಡಿದ್ದಾರೆ ಎಂದು ಗೊತ್ತಾಯಿತು.

"ಭಾವಂಗೆ ಫೋನ್ ಮಾಡಿ" ಎಂದಳು ಹೆಂಡತಿ.

"ನೀನೇ ಮಾಡು."

"ಲ್ಯಾಮಿನೇಟ್ ಮಾಡಿದ್ದು ನಾನಾ?"

ಮಾಡಿದೆ. ಷಡ್ಡಕ ಕೆಮ್ಮು ಬರುವ ತನಕ ನಕ್ಕ. "ಲ್ಯಾಮಿನೇಷನ್ನಾ! ಅರಿಶಿನ ಕುಂಕುಮ ಹಚ್ಚಿ ಪೂಜೆನೂ ಮಾಡ್ಬಿಟ್ರಾ?" ಆಮೇಲೆ, "ಕಳಿಸ್ರೀ, ಶನಿವಾರ ಹೋಗ್ ಬರ್ತೀನಿ" ಎಂದ.

ಹೋಗುವುದಿಲ್ಲ ಎಂದೇ ನಾನು ತಿಳಿದೆ. ನಿಜ ಹೇಳಬೇಕೆಂದರೆ, ಹೋಗದಿರಲಿ ಎಂದು ನನ್ನೊಳಗೆ ಒಂದು ಮೂಲೆ ಬಯಸಿತು. ಸ್ಕಾಲರ್‌ಶಿಪ್ ತಪ್ಪಿದರೆ ಇವನಿಂದಲೇ ತಪ್ಪಿತು ಎಂದು ಹೇಳಿಕೊಂಡು ಓಡಾಡಬಹುದಿತ್ತು. ಮಂಗಳವಾರ ಲಕೋಟೆ ಬಂತು. ಹಾಳೆ ಮಡಚಿಹೋಗದಂತೆ ಎರಡೂ ಕಡೆ ರಟ್ಟು ಇಟ್ಟಿದ್ದ. ಸಹಿ ಸ್ಪಷ್ಟವಾಗಿತ್ತು. ಸಂತೋಷಪಡಬೇಕಿತ್ತು. ಆದರೆ ಅವನಿಗೆ ಒಳ್ಳೆಯತನವೂ ಎಷ್ಟು ಸಲೀಸಾಗಿ ಬರುತ್ತದಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ಸಂದರ್ಶನ ಆಯಿತು, ಪತ್ರ ಬಂತು. ಮಗಳಿಗೆ ಸ್ಕಾಲರ್‌ಶಿಪ್ ಸಿಕ್ಕಿತು.

ಸಮಾರಂಭಕ್ಕೆ ಷಡ್ಡಕ ಹೆಂಡತಿಯನ್ನು ಕರೆದುಕೊಂಡು ಸಿಡ್ನಿಗೆ ಬಂದ. ಹಾಲಿನ ಗೋಡೆಯ ತುಂಬ ಮರದ ಹಲಗೆ, ಹಲಗೆಯ ತುಂಬ ಚಿನ್ನದ ಬಣ್ಣದಲ್ಲಿ ಯುದ್ಧದಲ್ಲಿ ಸತ್ತವರ ಹೆಸರು. ನಾನು ಬೇಕೆಂದೇ ಅವನ ಪಕ್ಕದ ಕುರ್ಚಿ ಹಿಡಿದೆ. ಅವನ ಮುಖ ನೋಡುವ ಆಸೆ ನನಗೆ. ಸರ್ಟಿಫಿಕೇಟು ಕೊಡುವ ಮೊದಲು ಮಗು ಬರೆದ ಪುಟದಿಂದ ಕೆಲವು ಸಾಲು ಓದುವುದು ಆ ಸಂಘದ ಪದ್ಧತಿ. ಅಧ್ಯಕ್ಷೆ ಕನ್ನಡಕ ಏರಿಸಿ ಮಗಳ ಪುಟ ಓದತೊಡಗಿದರು:

"ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ನಾವು ಸಿಡ್ನಿಗೆ ಬಂದ ಮೊದಲ ವರ್ಷ, ನಮ್ಮಪ್ಪ ಆಫೀಸಿಗೆ ಹೋಗುತ್ತೇನೆ ಎಂದು ಹೇಳಿ ಹೋಗುತ್ತಿದ್ದರು. ಒಂದು ದಿನ ಬಸ್ಸಿನ ಕಿಟಕಿಯಿಂದ ಅವರನ್ನು ನೋಡಿದೆ. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಮಳೆಯಲ್ಲಿ, ಸೂಪರ್‌ಮಾರ್ಕೆಟ್‌ನ ಟ್ರಾಲಿಗಳ ಉದ್ದದ ಸಾಲನ್ನು ತಳ್ಳುತ್ತಿದ್ದರು. ನಡುವೆ ಬೇರೆ ಅಂಗಡಿಯ ಒಂದು ಟ್ರಾಲಿ ಸಿಕ್ಕಿತು. ತಮ್ಮ ಸಾಲನ್ನು ನಿಲ್ಲಿಸಿ, ರಸ್ತೆ ದಾಟಿ, ಅದನ್ನು ಅದರ ಜಾಗದಲ್ಲಿ ಬಿಟ್ಟು ಬಂದರು. ಯಾರೂ ನೋಡುತ್ತಿರಲಿಲ್ಲ. ನಾನು ನೋಡಿದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ."

ಕಿವಿ ಕಾದ ಬಾಣಲೆಯಾಯಿತು. ಹನ್ನೊಂದು ತಿಂಗಳು ಮಾಡಿದ ಆ ಕೆಲಸ ನನ್ನ ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರಿಗೂ ಹೇಳಿರಲಿಲ್ಲ. ಬಾಕ್ಸ್ ಹಿಲ್‌ನವರಿಗಂತೂ, ದೊಡ್ಡ ಕಂಪನಿಯಲ್ಲಿ ಕಾಂಟ್ರಾಕ್ಟ್ ಎಂದು ಬಣ್ಣ ಕಟ್ಟಿ ಹೇಳಿದ್ದೆ. ಈಗ ಹಾಲಿಗೆ ಹಾಲೇ ಕೇಳಿಸಿಕೊಂಡಿತು. ಪಕ್ಕಕ್ಕೆ ತಿರುಗುವ ಧೈರ್ಯವಾಗಲಿಲ್ಲ. ಪದಕ ತೊಟ್ಟ ಒಬ್ಬ ಮುದುಕ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನ ಹಿಂದೆ ಇನ್ನಷ್ಟು ಜನ ಎದ್ದರು. ಮಗಳು ಸ್ಕೌಟ್ ಸ್ಕಾರ್ಫ್ ಸರಿ ಮಾಡಿಕೊಂಡು ವೇದಿಕೆ ಹತ್ತಿದಳು. ಅಧ್ಯಕ್ಷೆ ಸ್ಕೌಟ್‌ಗಳ ಪದ್ಧತಿಯಂತೆ ಎಡಗೈ ಕುಲುಕಿ ಸರ್ಟಿಫಿಕೇಟನ್ನು ಅವಳ ಕೈಗಿಟ್ಟರು.

ಷಡ್ಡಕ ಚಪ್ಪಾಳೆ ನಿಲ್ಲಿಸಲಿಲ್ಲ. ವೇದಿಕೆಯನ್ನೇ ನೋಡುತ್ತಾ, ನನಗಷ್ಟೇ ಕೇಳುವ ಹಾಗೆ ಹೇಳಿದ:

"ನಿಮ್ ಹುಡುಗಿ ನಿಮ್ ಬಗ್ಗೆ ಬರೆದ್ಲು ಕಣ್ರೀ. ನನ್ ಮಗ ಬರೆದಿದ್ದನ್ನ ನಾನೂ ಓದ್ದೆ, ಎರಡ್ ಸಲ ಓದ್ದೆ. ಅದ್ರಲ್ಲಿ ನಾನು ಎಲ್ಲೂ ಇಲ್ಲ."