ಹದಿನೇಳು ಡಿಗ್ರಿಯ ಮನೆ

ಬಾಗಿಲು ತೆರೆದ ಹಲೀನಾ ಅಮ್ಮಾವ್ರು ಕೋಟು ತೊಟ್ಟು, ಉಣ್ಣೆಯ ಟೊಪ್ಪಿಗೆ ಹಾಕಿಕೊಂಡಿದ್ದರು. ಎಲ್ಲಿಗೋ ಹೊರಟಿರಬೇಕು ಅಂದುಕೊಂಡೆ. ಇಲ್ಲ, ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದರಂತೆ. ನಾನು ಜಾಕೆಟ್ ಬಿಚ್ಚಲು ಹೋದರೆ ಕೈ ಹಿಡಿದು ತಡೆದರು. “ಜಿಮ್ನೊ,” ಅಂದರು. ಪೋಲೆಂಡಿನಲ್ಲಿ ನಾನು ಕಲಿತ ಮೊದಲ ಮಾತು ಅದು: ಚಳಿ.

ದಾವಣಗೆರೆಯ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಅಂಗಿ ಹೊಲಿದವಳು ನಾನು. ಈಗ ವುಚ್ ಎಂಬ ಊರಿನಲ್ಲಿ ಕಾರಿನ ಸೀಟಿನ ಕವರ್ ಹೊಲಿಯುತ್ತೇನೆ. ಹಲೀನಾ ಒಂಟಿ ವಿಧವೆ. ಮೇಲಿನ ಕೋಣೆ ನನಗೆ ಬಾಡಿಗೆಗೆ ಕೊಟ್ಟಿದ್ದಾರೆ. ಇಲ್ಲಿ ಹೆಂಗಸರನ್ನು ಗೌರವದಿಂದ ‘ಪಾನಿ’ ಅನ್ನಬೇಕು. ದಾವಣಗೆರೆಯ ಮಂಡಿಪೇಟೆಯಲ್ಲಿ ಹಾಗೆ ಕೂಗಿದರೆ ಯಾರಾದರೂ ನೀರು ತಂದುಕೊಟ್ಟಾರು.

ಮನೆ ಕಾಯುವುದು ಗ್ಯಾಸಿನಿಂದ. ಎಷ್ಟು ಕಾಯಬೇಕೆಂದು ಹೇಳುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್ ಎಂಬ ತಿರುಗುಗುಂಡಿ. ಪಾನಿ ಹಲೀನಾ ಅದನ್ನು ಹದಿನೇಳಕ್ಕಿಟ್ಟಿದ್ದರು. ಗ್ಯಾಸು ದುಬಾರಿ, ನ್ಯಾಯವೇ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ಹರಿಹರದ ನಮ್ಮವ್ವನೂ ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ. ಆದರೆ ಅಲ್ಲಿ ಬೆವರು ಒರೆಸಿಕೊಂಡರಾಯಿತು. ಇಲ್ಲಿ ಬೆರಳು ಮರಗಟ್ಟುತ್ತವೆ. ಕೂತಲ್ಲಿ ಕೂರಲಾಗದೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ.

ಭಾನುವಾರ ಅವರು ಚರ್ಚಿಗೆ ಹೋದ ಕೂಡಲೇ ಇಪ್ಪತ್ತಮೂರಕ್ಕೆ ತಿರುಗಿಸುವುದು, ಬರುವ ಹೊತ್ತಿಗೆ ಇಳಿಸುವುದು, ಹೀಗೆ ನಡೆದಿತ್ತು. ಒಮ್ಮೆ ಅವರು ಬೇಗ ಬಂದುಬಿಟ್ಟರು. ಕೋಣೆ ಕಾಯಿಸುವ ಬಿಸಿ ರೇಡಿಯೇಟರ್ ಮೇಲೆ ಅಂಗೈಯಿಟ್ಟು ನಿಂತರು. ಇನ್ನು ಬೇರೆ ಕೋಣೆ ಹುಡುಕಬೇಕು ಅಂದುಕೊಂಡೆ. ಅವರು ಫೋನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ, ಅದು ಮಾಡಿದ ಕನ್ನಡವನ್ನು ನನ್ನ ಮುಂದೆ ಹಿಡಿದರು: “ಚಳಿಯಾದರೆ ಹೇಳು. ಕದಿಯಬೇಡ.”

ನಾಚಿಕೆಯಿಂದ ಕುಗ್ಗಿಹೋದೆ. ಆಮೇಲೆ ಇಬ್ಬರೂ ಕೂತು ಮಾತಾಡಿಕೊಂಡೆವು: ಮನೆ ಖಾಲಿಯಿದ್ದರೆ ಹದಿನಾರು, ನಾವಿದ್ದರೆ ಹತ್ತೊಂಬತ್ತು. ಸಂಜೆ ದಪ್ಪ ಪರದೆ ಎಳೆದು, ಬಾಗಿಲ ಸಂದಿಗೆ ಹಳೆ ಟವೆಲ್ ಒತ್ತಿ, ಒಲೆಯ ಕಾವಿರುವ ಅಡುಗೆಮನೆಯಲ್ಲೇ ಕೂರತೊಡಗಿದೆವು.

ಜನವರಿಯಲ್ಲಿ ಅವರಿಗೆ ಕೆಮ್ಮು ಎದೆಗಿಳಿಯಿತು. ನಾನೇ ಇಪ್ಪತ್ತೊಂದಕ್ಕೆ ಏರಿಸಿದೆ. ಇಳಿಸಲೆಂದು ಹಾಸಿಗೆಯಿಂದ ಎದ್ದು ಬಂದರು. ಗುಂಡಿಗೆ ಅಡ್ಡ ನಿಂತೆ.

“ಬ್ಯಾಡ್ರಿ! ಸುಮ್ನ ಹೋಗಿ ಮಲಕ್ಕೊಳ್ರಿ!”

ಬಾಯಿಗೆ ಬಂದದ್ದು ಕನ್ನಡವೇ. ಒಂದು ಗಳಿಗೆ ನನ್ನನ್ನು ದಿಟ್ಟಿಸಿ, ಹೋಗಿ ಮಲಗಿದರು.

ಅದೇ ವಾರ ಅವ್ವನ ಫೋನು. “ಉಗಾದಿಗೆ ಬರ್ತೀನಿ ಅಂದಿದ್ದಿ. ಟಿಕೆಟ್ ಮಾಡ್ಸಿದ್ಯೇನು?”

“ಮುದುಕಿಗೆ ಹುಷಾರಿಲ್ಲವ್ವ. ಮನಿ ಬಿಟ್ಟು ಹೆಂಗೆ ಬರ್ಲಿ?”

“ಯಾವ ಮನಿ?” ಅಂದಳು ಅವ್ವ.

ಹಲೀನಾ ಈಗ ಎದ್ದು ಓಡಾಡುತ್ತಾರೆ. ಟಿಕೆಟ್ಟಿನ ಪುಟವನ್ನು ದಿನಾ ತೆರೆಯುತ್ತೇನೆ, ದಿನಾ ಮುಚ್ಚುತ್ತೇನೆ.