ಭಾವನ ಹೆಬ್ಬೆರಳು

ಭಾವ ತೀರಿಕೊಂಡರು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರು, ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಮಲೇರಿಯಾದಿಂದ.

ಅವರ ಹೆಂಡತಿಯ ತಂಗಿಯೂ ಅದೇ ಲ್ಯಾಬಿನವಳು. ಅವಳು ಭಾವ ಅಂದದ್ದೇ ತಡ, ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವರು ಭಾವನೇ ಆಗಿಬಿಟ್ಟರು. "ಇಷ್ಟೊಂದು ನಾದಿನಿಯರನ್ನ ಕಟ್ಕೊಂಡು ಯಾವನಾದ್ರೂ ಉದ್ಧಾರ ಆಗ್ತಾನಾ?" ಎಂದು ನಗುತ್ತಿದ್ದರು.

ಅವರಿಗೊಂದು ಚಾಳಿ. ಸ್ಲೈಡಿನ ಮೇಲೆ ರಕ್ತದ ಹನಿಯನ್ನು ಎಳೆಯುವಾಗ ಗ್ಲೌಸ್ ಬಿಚ್ಚಿಡುತ್ತಿದ್ದರು. ಗಾಜಿನ ಅಂಚು ನಯವಾಗಿದೆಯೇ ಎಂಬುದು ಬರಿಯ ಹೆಬ್ಬೆರಳಿಗೇ ತಿಳಿಯುವುದಂತೆ. ಹಿಂದೊಮ್ಮೆ ಕೈ ಕುಯ್ದುಕೊಂಡಾಗ ಹೆಂಡತಿ ಅತ್ತು ರಂಪ ಮಾಡಿ, ಇನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದರು.

ಕಾಡಿನ ಕೆಲಸ ಮುಗಿಸಿ ಬಂದ ರೋಗಿಯೊಬ್ಬನ ರಕ್ತವನ್ನು ಮತ್ತೆ ಬರಿಗೈಯಲ್ಲೇ ಸ್ಲೈಡಿನ ಮೇಲೆ ಎಳೆಯುತ್ತಿದ್ದಾಗ ಗಾಜು ಚಟ್ಟನೆ ಮುರಿದು ಹೆಬ್ಬೆರಳಿಗೆ ನಾಟಿತು. ಅದೇ ರಕ್ತವನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರೆ, ಮಲೇರಿಯಾ ಕಿಕ್ಕಿರಿದಿತ್ತು.

"ಬೆರಳಿಗೇನಾಯ್ತು ಭಾವ?" ನಾದಿನಿ ಕೇಳಿದಳು.

"ಡಬ್ಬದ ಮುಚ್ಚಳ ಕಣಮ್ಮ. ಹೋಗಿ ನಿಮ್ಮಕ್ಕನ ಕಿವಿ ಊದಬೇಡ ಮತ್ತೆ."

ಕೆಲವು ದಿನ ಕಳೆದು ಚಳಿ ಹಿಡಿಯಿತು. ಎಲ್ಲರೂ ಊಟಕ್ಕೆ ಹೋಗಿದ್ದಾಗ ತಮ್ಮ ಬೆರಳನ್ನು ತಾವೇ ಚುಚ್ಚಿ ನೋಡಿಕೊಂಡರು. ಏನೂ ಕಾಣಲಿಲ್ಲ. ಎದೆಯ ಭಾರ ಇಳಿಯಿತು. "ಒಂದ್ಸಲ ಕಾಣ್ಲಿಲ್ಲ ಅಂತ ನಂಬಬೇಡಿ, ಜ್ವರ ಬಿಡದಿದ್ರೆ ನಾಳೆ ಮತ್ತೆ ಬನ್ನಿ" ಎಂದು ಕಂಡ ಕಂಡ ರೋಗಿಗೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ ಮನುಷ್ಯ, ತಮ್ಮ ಒಂದೇ ಸ್ಲೈಡನ್ನು ನಂಬಿ ಕೂತರು.

ಮೇಲಿನ ವಾರ್ಡಿಗೆ ಸೇರಿಸಿದಾಗ ಡಾಕ್ಟರು ಕೇಳಿದರು, "ಪರವೂರಿಗೇನಾದ್ರೂ ಹೋಗಿದ್ರಾ ಭಾವ?"

"ಬಸ್ ಸ್ಟಾಪ್ ದಾಟಿದ್ರೆ ಕೇಳಿ."

ಈ ಊರಿನಲ್ಲಿ ಮಲೇರಿಯಾ ಹತ್ತುವುದಿಲ್ಲ. ಡಾಕ್ಟರು ಬೇರೆ ಬೇರೆ ಜ್ವರಗಳ ಬೆನ್ನು ಹತ್ತಿದರು. ಪಕ್ಕದ ಸ್ಟೂಲಿನಲ್ಲಿ ಹೆಂಡತಿ ಕೂತಿದ್ದರು. ಭಾವ ಹೆಬ್ಬೆರಳನ್ನು ಹೊದಿಕೆಯೊಳಗೆ ಎಳೆದುಕೊಂಡರು.

ಕಣ್ಣು ಹಳದಿಗಟ್ಟಿ ನಾಲಿಗೆ ತೊದಲತೊಡಗಿದ ಬೆಳಗ್ಗೆ, ಹೆಂಡತಿ ನೀರು ತರಲು ಎದ್ದು ಹೋದರು. ಭಾವ ನಾದಿನಿಯನ್ನು ಹತ್ತಿರ ಕರೆದರು.

"ಡಬ್ಬ ಅಲ್ಲಮ್ಮ. ಸ್ಲೈಡು. ಆ ಕಾಡಿನೋನದು."

ಅವಳು ಡಾಕ್ಟರಿಗೆ ಕೂಗಿ ಹೇಳುತ್ತಲೇ ಕೆಳಗೋಡಿ, ಸೂಜಿ, ಗಾಜು, ಗ್ಲೌಸು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬಂದಳು. ಬರಿಗೈಯಲ್ಲೇ ಅವರ ಬೆರಳು ಹಿಡಿಯಹೋದಳು. ಭಾವ ಕೈ ಹಿಂದಕ್ಕೆಳೆದುಕೊಂಡರು.

"ಗ್ಲೌಸ್."

"ಈಗ ಅದಕ್ಕೆಲ್ಲ ಟೈಮಿಲ್ಲ ಭಾವ, ಕೈ ಕೊಡಿ!"

ಕೊಡಲಿಲ್ಲ. ಅವಳು ಕೈಗೆ ಗ್ಲೌಸ್ ಏರಿಸಿ, ಒಂದೊಂದು ಬೆರಳನ್ನೂ ಸರಿಯಾಗಿ ಎಳೆದುಕೊಳ್ಳುವ ತನಕ ನೋಡುತ್ತಲೇ ಇದ್ದರು. ಆಮೇಲೆ ಹೊದಿಕೆಯಿಂದ ಕೈ ಹೊರತೆಗೆದು, ಬೆರಳು ಚಾಚಿದರು.