ಕಾರಿನ ಹೊಟ್ಟೆಗೆ ಬಿದ್ದ ಮೂಗುಬೊಟ್ಟು

ಚಳಿ ಶುರುವಾದ ಮೇಲೆ ಕಾರಿನ ಹೀಟರ್ ಮೊದಲನೇ ಸಲ ಹಾಕಿದಾಗ ಒಂದು ವಾಸನೆ ಬರುತ್ತೆ, ಗಮನಿಸಿದೀರಾ? ಬೇಸಿಗೆಯೆಲ್ಲ ಒಳಗೆ ಕೂತ ಧೂಳು ಸೀದ ವಾಸನೆ. ಅದು ಬಂದ ಕೂಡಲೇ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತೆ, ಬೊಟ್ಟು ಇದೆಯಾ ಅಂತ. ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗುವಾಗಲೂ ಹೋಯಿತು. ಇದು ನಮ್ಮ ಅಳಿಯಂದಿರ ಹೊಸ ಕಾರು. ನಾನು ಹೇಳೋದು ಹಳೇ ಕಾರಿನ ವಿಷಯ. ದೊಡ್ಡ ಕಥೆಯೇನಲ್ಲ, ಒಂದು ವಾರದ ಒದ್ದಾಟ.

ಮೊದಲು ಬೊಟ್ಟಿನ ಸಮಾಚಾರ ಕೇಳಿ. ಒಂಟಿ ಕಲ್ಲಿನದು. ನಮ್ಮಮ್ಮ ತನ್ನ ಮೂಗಿಂದ ಬಿಚ್ಚಿ ನನ್ನ ಮೂಗಿಗೆ ಹಾಕಿದ್ದು. ಕಲ್ಲು ವಜ್ರವೋ ಗಾಜೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕಸಾಲಿಗನಿಗೆ ತೋರಿಸೋಕೆ ಹೋಗಿಲ್ಲ. ಗಾಜು ಅಂದುಬಿಟ್ಟರೆ ಆಮೇಲೆ ಯಾವ ಜಂಬದಲ್ಲಿ ಹಾಕಿಕೊಳ್ಳೋದು? ನಮ್ಮ ಯಜಮಾನರು ಹೋದಾಗ ಹೆಂಗಸರೆಲ್ಲ ಸುತ್ತ ಕೂತು ಬಳೆ ತೆಗೆಸಿದರು, ಕಾಲುಂಗುರ ತೆಗೆಸಿದರು, ಆಮೇಲೆ ನಮ್ಮ ನಾದಿನಿ ಮೂಗಿಗೂ ಕೈ ಹಾಕಿದಳು. "ಮೂಗು ನಂದು, ಬೊಟ್ಟು ನಮ್ಮಮ್ಮಂದು. ಸತ್ತೋರು ಇದಕ್ಕೆ ಒಂದು ಕಾಸು ಹಾಕಿಲ್ಲ. ಕೈ ತೆಗಿ" ಅಂದೆ. ಊರೆಲ್ಲ ನನ್ನನ್ನ ಗಯ್ಯಾಳಿ ಅಂತು. ಅನ್ನಲಿ ಬಿಡಿ, ಬೊಟ್ಟು ಉಳಿಯಿತಲ್ಲ. ಹಾಗೆ ಜಗಳ ಆಡಿ ಉಳಿಸಿಕೊಂಡದ್ದನ್ನ ಮಗಳ ಹಿಂದೆ ಈ ಪರದೇಶಕ್ಕೆ ಬಂದು, ತಲೆಸುತ್ತು ಅಂತ ಒಂದು ಸ್ಕ್ಯಾನಿಗೆ ಹೋಗಿ, ನಾನೇ ಕೈಯಾರೆ ಕಳೆದೆ.

ಅಳಿಯಂದಿರ ವಿಷಯ ಹೇಳದೆ ಹೋದರೆ ನಿಮಗೆ ಇದು ಅರ್ಥ ಆಗಲ್ಲ. ಮೈಸೂರಿನವರು, ಇಂಜಿನಿಯರು, ಒಳ್ಳೆಯವರು. ಒಳ್ಳೆಯವರು ಅನ್ನೋದೂ ನನ್ನ ಮಗಳು ಸುಮ ಹೇಳಿದ್ದರಿಂದ ಗೊತ್ತು. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರೋ ಹಾಗಿಲ್ಲ, ಹೆಸರು ಹಿಡಿಯೋ ಹಾಗಿಲ್ಲ, ಅವರ ಕೈಗೆ ನೇರವಾಗಿ ಏನೂ ಕೊಡೋ ಹಾಗಿಲ್ಲ. ಕೆಳಗಿಡಬೇಕು, ಅವರು ತಗೋಬೇಕು. ಇಲ್ಲಿ ವಾನ್ ಅನ್ನೋ ಊರಲ್ಲಿ ಅವರದೇ ಮನೇಲಿ ಇಷ್ಟು ವರ್ಷ ಇದ್ದರೂ ನಾನು ಅದನ್ನೇ ನಡೆಸಿಕೊಂಡು ಬಂದಿದ್ದೆ. ಕಾಫಿ ಲೋಟ ಕೌಂಟರಿನ ಮೇಲಿಟ್ಟು, "ಸುಮಾ, ಕಾಫಿ ಆಯ್ತು ಅನ್ನು" ಅನ್ನೋದು. ಅವರು ಅಲ್ಲೇ ನಿಂತಿರುತ್ತಿದ್ದರು. "ಸಕ್ಕರೆ ಸ್ವಲ್ಪ ಜಾಸ್ತಿ ಆಗಿದೆ ಅಂತ ಹೇಳು" ಅಂತ ಅವರು. "ನನಗೆ ಇಬ್ಬರೂ ಸಂಬಳ ಕೊಡಿ" ಅಂತ ಸುಮ ಬೈಯೋಳು.

ಆ ವಾರ ಸುಮ ಆಫೀಸಿನ ಕೆಲಸ ಅಂತ ಬೆಂಗಳೂರಿಗೆ ಹೋಗಿದ್ದಳು. ಹೊರಡೋ ಮುಂಚೆ, "ಅಮ್ಮ, ಆ ಮಿಷಿನ್ನಿನೊಳಗೆ ಲೋಹ ಬಿಡಲ್ಲ, ಬೊಟ್ಟು ನಾನೇ ಬಿಚ್ಚಿಬಿಡ್ತೀನಿ" ಅಂದಳು. "ಹೋಗೇ, ಅಲ್ಲಿ ಕೇಳಿದಾಗ ನೋಡೋಣ" ಅಂದೆ. ಸ್ಕ್ಯಾನಿನ ದಿನ ಅಳಿಯಂದಿರು ನಾರ್ತ್ ಯಾರ್ಕಿನ ಆಸ್ಪತ್ರೆಗೆ ಕರಕೊಂಡು ಹೋದರು. ಪಾರ್ಕಿಂಗಲ್ಲಿ ಕಾರೊಳಗೇ ಕೂತು ಮೂಗಿಗೆ ಕೊಬ್ಬರಿ ಎಣ್ಣೆ ಸವರಿ, ಎಳೆದು, ತಿರುಚಿ, ಕಣ್ಣಲ್ಲಿ ನೀರು ಬಂದ ಮೇಲೆ ತಿರುಪು ಬಿಟ್ಟುಕೊಂಡಿತು. ಅವರು ಅಂಗೈ ಚಾಚಿದರು. "ಕೊಡಿ ಅತ್ತೆ, ನನ್ನ ಪರ್ಸಲ್ಲಿ ಇಟ್ಕೋತೀನಿ."

ಆಗಲೇ ಅಂಗೈಗೆ ಹಾಕಿದ್ದರೆ ನಾನು ಇದನ್ನ ಬರೆಯೋ ಪ್ರಮೇಯ ಇರುತ್ತಿರಲಿಲ್ಲ. ಕೈಗೆ ಕೊಡೋ ಹಾಗಿಲ್ಲ. ಸೀಟಿನ ಮೇಲೆ ಇಡೋಣ ಅಂದರೆ ಅದು ಕೂರೋ ಜಾಗ, ಬಂಗಾರ ಇಡಬಾರದು. ಕಾಲ ಹತ್ತಿರವಂತೂ ಮಾತೇ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಸುಮ ಅಂಟಿಸಿದ್ದ ಗಣಪತಿ ಇದ್ದ. ಅವನ ಮುಂದೆ ಬೊಟ್ಟೂ ತಿರುಪೂ ಇಟ್ಟು, "ತಗೋಬೇಕಂತೆ ಅನ್ನು" ಅಂದೆ. ಯಾರಿಗೆ ಅಂದೆನೋ! ಸುಮ ಬೆಂಗಳೂರಲ್ಲಿ. ಅವರು ಕೈ ನೀಡಿದರು, ಬೆರಳು ತಾಗಿತು, ಎಣ್ಣೆ ಮೆತ್ತಿದ ಬೊಟ್ಟು ಜಾರಿ, ಗಾಜಿನ ಬುಡದಲ್ಲಿ ಬಿಸಿಗಾಳಿ ಬರೋ ಸಂದಿ ಇದೆಯಲ್ಲ, ಅದರೊಳಗೆ ಹೋಯಿತು. ತಿರುಪು ಮಾತ್ರ ಗಣಪತಿ ಹತ್ತಿರ ಉಳಿಯಿತು.

"ಬಿತ್ತು" ಅಂದರು.

"ನನಗೂ ಕಣ್ಣಿದೆ" ಅಂದೆ. ನಾನು ಅವರ ಮುಖ ನೋಡಿ ಆಡಿದ ಮೊದಲ ಮಾತು ಅದೇ ಇರಬೇಕು.

ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಿ ಢಬಢಬ ಬಡಿಯುತ್ತಿದ್ದರೆ ನನ್ನ ಜೀವವೆಲ್ಲ ಪಾರ್ಕಿಂಗಲ್ಲಿ. ಅಲ್ಲಾಡಬೇಡಿ ಅಂತ ಅಲ್ಲಿನ ಹುಡುಗಿ ಮೈಕಲ್ಲಿ ಹೇಳಿ ಹೇಳಿ ಸಾಕಾದಳು. ವಾಪಸ್ ಬರುವಾಗ ಸ್ನೋನೂ ಅಲ್ಲದ ಮಳೆನೂ ಅಲ್ಲದ ಕೆಸರು ಬೀಳುತ್ತಿತ್ತು. ಗಾಳಿ ಜೋರಾಗಿ ಬಿಟ್ಟರೆ ಬೊಟ್ಟು ಎಲ್ಲಿಗೆ ಹಾರುತ್ತೋ ಅಂತ ಅಳಿಯಂದಿರು ಹೀಟರನ್ನೇ ಹಾಕಲಿಲ್ಲ. ಗಾಜೆಲ್ಲ ಮಬ್ಬು. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಮಫ್ಲರು. ಒರೆಸೋದು, ನೋಡೋದು, ಒರೆಸೋದು. ಹಿಂದಿನವರೆಲ್ಲ ಹಾರ್ನ್ ಹೊಡೆಯೋದು.

"ಬೊಟ್ಟು ಹೋದರೆ ಹೋಯ್ತು, ಇಬ್ಬರೂ ಸಾಯೋದು ಬೇಡ, ಹೀಟರ್ ಹಾಕ್ರೀ" ಅಂದೆ.

"ಬೇಡ ಅತ್ತೆ" ಅಂದರು, ಅಷ್ಟೇ.

ಹೀಟರ್ ಹಾಕ್ರೀ ಅಂದೆನೇ ಹೊರತು, ಅವರು ಹಾಕಿದ್ದರೆ ಈ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಕಾರು ಲೀಸಿನದು, ಬಾಡಿಗೆ ಮನೆ ಇದ್ದ ಹಾಗೆ. ಶೋರೂಮಿಗೆ ವಾಪಸ್ ಕೊಡೋ ಗಡುವು ಶನಿವಾರ ಮಧ್ಯಾಹ್ನ. ಶೋರೂಮಿಗೆ ಫೋನ್ ಮಾಡಿದರೆ, "ಪೂರ್ತಿ ಬಿಚ್ಚಬೇಕು, ಈ ವಾರ ಆಗಲ್ಲ, ಮುಂದೆ ಯಾವತ್ತಾದರೂ ಸಿಕ್ಕಿದರೆ ಕರೀತೀವಿ" ಅಂದರಂತೆ.

"ಬಂಗಾರ ಸಿಕ್ಕಿದೋರು ಯಾರಾದ್ರೂ ಫೋನ್ ಮಾಡ್ತಾರೇನ್ರೀ?" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕಾರು ಅಲ್ಲಾಡಿದರೆ ಬೊಟ್ಟು ಇನ್ನೂ ಆಳಕ್ಕೆ ಇಳಿಯುತ್ತೆ ಅಂತ ಅದನ್ನ ಡ್ರೈವ್‌ವೇಯಲ್ಲೇ ಬಿಟ್ಟು ಬಸ್ಸು, ಸಬ್‌ವೇ ಹಿಡಿದು ಆಫೀಸಿಗೆ ಹೋದರು ಆ ವಾರವೆಲ್ಲ. ನಾನು ಮನೇಲಿ ಒಬ್ಬಳೇ. ಸಾರಿಗೆ ಒಗ್ಗರಣೆ ಹಾಕೋದು, ಕಿಟಕಿಗೆ ಹೋಗಿ ಕಾರು ನೋಡೋದು. ಏನು ಓಡಿಹೋಗುತ್ತಾ ಅದು? ಆದರೂ ನೋಡೋದು. ಕೂತರೆ ಏಳಬೇಕು ಅನ್ನಿಸುತ್ತೆ, ಎದ್ದರೆ ಏನು ಮಾಡೋಕೆ ಎದ್ದೆ ಅಂತ ಗೊತ್ತಿಲ್ಲ. ಬೀಗದ ಕೈ ಹಿಡಿದು ಹೋಗಿ, ಬಾನೆಟ್ಟಿನ ಮೇಲೆ ಒರಗಿ, ಹೊರಗಿಂದ ಟಾರ್ಚ್ ಬಿಟ್ಟು ಇಣುಕುತ್ತಿದ್ದೆ. ಪಕ್ಕದ ಮನೆ ಪಂಜಾಬಿ ಹೆಂಗಸು, "ಆಂಟೀಜಿ, ಸಬ್ ಠೀಕ್?" ಅಂದಳು. "ಠೀಕ್, ಠೀಕ್" ಅಂದೆ. ಕಳ್ಳತನಕ್ಕೆ ಕೂತ ಮುದುಕಿ ಅಂದುಕೊಂಡಿರಬೇಕು.

ತೂತು ಮುಚ್ಚಿಕೊಳ್ಳಬಾರದು ಅಂತ ಕುಂಡದ ತುಳಸಿಯಿಂದ ಒಂದು ಸಣ್ಣ ಕಡ್ಡಿ ಮುರಿದು ಸಿಕ್ಕಿಸಿಕೊಂಡಿದ್ದೆ. ಸೀನಿದರೆ ಬಿದ್ದುಹೋಗೋದು, ಮತ್ತೆ ಸಿಕ್ಕಿಸೋದು, ಪ್ರತಿ ಸಲ ಇನ್ನಷ್ಟು ಬಿಗಿ. ಕನ್ನಡಿ ನೋಡಿದರೆ ನನ್ನ ಮುಖದಲ್ಲಿ ನಮ್ಮ ನಾದಿನಿ ಗೆದ್ದು ಕೂತ ಹಾಗಿತ್ತು. ಅವಳು ಸತ್ತು ಎಷ್ಟು ಕಾಲವಾಯಿತು, ಆದರೂ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಅಳಿಯಂದಿರು ಒಂದು ಉದ್ದನೆ ವಯರು ತಂದರು. ತುದಿಯಲ್ಲಿ ಹೆಸರುಕಾಳಿನಷ್ಟು ಕ್ಯಾಮರಾ, ಅದು ಕಂಡದ್ದೆಲ್ಲ ಫೋನಿನಲ್ಲಿ ಬರುತ್ತೆ. ಸಂದಿಯ ಮೇಲಿನ ಜಾಲರಿಯನ್ನ ಗೀರಾಗದ ಹಾಗೆ ಎಬ್ಬಿಸಿ ವಯರು ಇಳಿಸಿದರು. ಒಳಗೆ ಧೂಳು, ಒಣಗಿದ ಎಲೆ, ಹೊಸದರಲ್ಲಿ ಪೂಜೆ ಮಾಡಿದಾಗ ನಾನೇ ಎರಚಿದ್ದ ಅಕ್ಷತೆ. ಅದರ ಮಧ್ಯೆ ಏನೋ ಮಿನುಗಿತು.

ಕ್ಯಾಮರಾ ಹಿಡಿಯೋಕೆ ಒಬ್ಬರು, ಎತ್ತೋಕೆ ಒಬ್ಬರು ಬೇಕು. ಅವರ ಕೈ ದಪ್ಪ, ಗಾಜಿನ ಬುಡಕ್ಕೆ ಹೋಗಲ್ಲ. ಎರಡೂ ಕಡೆ ಅಂಟೋ ಟೇಪು ಸುತ್ತಿದ ತಂತಿಯನ್ನ ನಾನು ಹಿಡಿದೆ. ಇಬ್ಬರ ತಲೆಯೂ ಡ್ಯಾಶ್‌ಬೋರ್ಡಿನ ಮೇಲೆ.

"ಎಡಕ್ಕೆ, ಅತ್ತೆ."

"ಯಾರ ಎಡ? ನಿಮ್ಮದೋ ನಂದೋ?"

"ನಮ್ಮಿಬ್ಬರದೂ ಒಂದೇ ಎಡ ಅತ್ತೆ, ಒಂದೇ ಕಡೆ ಮುಖ ಮಾಡಿದೀವಿ. ಇಳಿಸಿ… ಅಯ್ಯೋ, ಅದು ಅಕ್ಷತೆ!"

ಒಂದು ಸಲ ಅಂಟಿಕೊಂಡು ಅರ್ಧಕ್ಕೆ ಬಂದು ಬಿತ್ತು. ನನ್ನೆದೆಯೂ ಅದರ ಜೊತೆ ಬಿತ್ತು.

"ಕೈ ನಡುಗ್ತಿದೆ ನಿಮಗೆ" ಅಂದರು.

"ನನ್ನ ಕೈ ಸರಿಯಾಗಿದೆ. ನಿಮ್ಮ ಬಾಯಿ ಮುಚ್ಚಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಳಿಯನಿಗೆ ಬಾಯಿ ಮುಚ್ಚಿ ಅಂದವಳು ನಮ್ಮ ವಂಶದಲ್ಲಿ ನಾನೇ ಮೊದಲನೆಯವಳು. ಅವರು ನಿಜವಾಗಿಯೂ ಬಾಯಿ ಮುಚ್ಚಿದರು. ಆಗ ಬಂತು ಬೊಟ್ಟು, ಕೂದಲು ಧೂಳು ಎಲ್ಲ ಸುತ್ತಿಕೊಂಡು.

ಅಲ್ಲಿಗೆ ಮುಗಿಯಲಿಲ್ಲ. ತೊಳೆದು ಹಾಕಿಕೊಳ್ಳೋಣ ಅಂದರೆ ತೂತು ಸೂಜಿಯಷ್ಟಾಗಿತ್ತು. ಒಂದು ಕೈಯಲ್ಲಿ ಬೊಟ್ಟು ಒತ್ತಿ ಹಿಡಿಯಬೇಕು, ಮೂಗಿನೊಳಗೆ ಬೆರಳು ಹಾಕಿ ತಿರುಪು ಸುತ್ತಬೇಕು. ನನ್ನ ಬೆರಳ ಗಿಣ್ಣೆಲ್ಲ ಊದಿಕೊಂಡಿದೆ, ಬಗ್ಗಲ್ಲ. ತಿರುಪು ಸಿಂಕಿನೊಳಗೆ ಬೀಳೋದೊಂದು ಬಾಕಿ.

"ಸುಮ ಸೋಮವಾರ ಬರ್ತಾಳಲ್ಲ ಅತ್ತೆ" ಅಂದರು ಬಾಗಿಲಲ್ಲಿ ನಿಂತು.

"ಅಷ್ಟರಲ್ಲಿ ಪೂರ್ತಿ ಮುಚ್ಚಿಹೋಗಿರುತ್ತೆ. ಕೈ ತೊಳ್ಕೊಂಡು ಬನ್ನಿ."

ಆಪರೇಷನ್ನಿಗೆ ಹೋಗೋರ ಹಾಗೆ ಮೊಣಕೈವರೆಗೂ ತೊಳೆದುಕೊಂಡು ಬಂದರು. ಕುರ್ಚಿ ಮೇಲೆ ಕೂತು ಮುಖ ಮೇಲೆತ್ತಿದೆ. ಅವರು ಮೂಗು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು.

"ಒತ್ರೀ."

"ನೋವಾಗುತ್ತೆ ಅತ್ತೆ."

"ನೋವು ನಂದು. ನೀವು ಒತ್ರೀ."

ಒತ್ತಿದರು. ಚರಕ್ ಅಂದಿತು, ಸ್ವಲ್ಪ ರಕ್ತವೂ ಬಂತು. ತಿರುಪು ಸುತ್ತಿ ಮುಗಿಸೋ ಹೊತ್ತಿಗೆ ಅವರೇ ಬೆವೆತುಹೋಗಿದ್ದರು. ಆಮೇಲೆ ಕಾರು ತಗೊಂಡು ಶೋರೂಮಿಗೆ ಹೊರಟರು, ತಡವಾಗಿತ್ತು. ನಾನು ಕನ್ನಡಿ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ಸೋಮವಾರ ಬಂದ ಸುಮ ಅಡಿಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ನಾವಿಬ್ಬರೂ ಉಪ್ಪಿಟ್ಟಿಗೆ ಈರುಳ್ಳಿ ಎಷ್ಟು ಅಂತ ವಾದ ಮಾಡುತ್ತಿದ್ದೆವು. "ನಾನು ಮನೆ ತಪ್ಪಿ ಬಂದಿಲ್ಲ ತಾನೆ?" ಅಂದಳು.

ಅದೆಲ್ಲ ಆಗಿನ ಮಾತು. ಈಗ ನಾಳೆ ಮತ್ತೆ ಸ್ಕ್ಯಾನಿಗೆ ಕರೆದಿದ್ದಾರೆ. ತಲೆಯೊಳಗೆ ಏನು ಹುಡುಕುತ್ತಾರೋ, ಹುಡುಕಲಿ. ಇವತ್ತು ಸಾಯಂಕಾಲ ಅಳಿಯಂದಿರು ಬಂದು, "ಅತ್ತೆ, ಬೊಟ್ಟು ಈಗಲೇ ಮನೇಲೇ ಬಿಚ್ಚಿಬಿಡೋಣ. ಸುಮನ್ನ ಕರೀಲಾ?" ಅಂದರು.

"ಅವಳಿಗೆ ರಕ್ತ ಕಂಡರೆ ಆಗಲ್ಲ" ಅಂದೆ. "ನೀವೇ ಬಿಚ್ಚಿ. ಹೋದ ಸಲ ಉಗುರು ತಾಗಿತ್ತು, ಮೊದಲು ಹೋಗಿ ಉಗುರು ಕತ್ತರಿಸ್ಕೊಂಡು ಬನ್ನಿ."